ಮಾವನಿಗೆ ಬಡಿಸಿದ ಸಿನಿಮಾ ಊಟ

ಊಟ ಬಡಿಸುವುದರಲ್ಲಿ ನನ್ನಿಂದ ತಪ್ಪಾಗುತ್ತದೆ ಎಂದು ಅವತ್ತು ಬೆಳಿಗ್ಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಯಾಕೆಂದರೆ ನಾನು ಅದನ್ನು ಸಿನಿಮಾ ನೋಡಿ ಕಲಿತಿದ್ದೆ!

ಅರವತ್ತರ ದಶಕದ ಮಾತು. ಜೋಗದ ವಿದ್ಯುತ್ ಯೋಜನೆಯ ಕಾಲೋನಿಯಲ್ಲಿ ನಾನೊಬ್ಬ ಗುಮಾಸ್ತ. ಮದುವೆಯಾಗಿ ಮೂರು ವರ್ಷವಾದರೂ ತೀರ್ಥಹಳ್ಳಿ ಕಡೆಯ ನನ್ನ ಮಾವ ನಮ್ಮ ಮನೆಯ ಹೊಸಿಲು ತುಳಿದಿರಲಿಲ್ಲ. ಮದುವೆಯ ದಿನ ನನ್ನ ಚಿಕ್ಕಪ್ಪ ಪಂಕ್ತಿಯಲ್ಲಿ ಕೂತು, "ಕೊನೇ ಸಾಲಿಗೆ ಪಾಯಸವೇ ಬರ್ಲಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ್ದೇ ಕಾರಣ. ನೆಂಟರೆದುರು ಮಾನ ಹೋಯಿತೆಂದು ಮಾವ ಮಗಳನ್ನು ನೋಡಲೂ ಬರಲಿಲ್ಲ. ನನ್ನ ಹೆಂಡತಿ ಸರೋಜ ಪ್ರತಿ ಹಬ್ಬಕ್ಕೂ ಕಾದಳು, ಪ್ರತಿ ಹಬ್ಬಕ್ಕೂ ಅತ್ತಳು. ಕೊನೆಗೊಮ್ಮೆ ಕಾಗದ ಬಂತು. ಬರುವ ಭಾನುವಾರ ಬರುತ್ತಾರಂತೆ!

ಅದೇ ವಾರ ಕ್ಲಬ್ಬಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಇಂಗ್ಲಿಷ್ ಸಿನಿಮಾ ತೋರಿಸಿದರು. ಮಾತು ಒಂದೂ ಅರ್ಥವಾಗಲಿಲ್ಲ. ಊಟ ಮಾತ್ರ ಪೂರ್ತಿ ಅರ್ಥವಾಯಿತು! ಉದ್ದನೆಯ ಮೇಜು. ಈ ತುದಿಗೆ ಮುಖ ಗಂಟಿಕ್ಕಿಕೊಂಡ ಮುದುಕ, ಆ ತುದಿಗೆ ಒಬ್ಬ ಯುವಕ, ಅವನ ಅಳಿಯನೇ ಇರಬೇಕು. ಒಂದೊಂದೇ ಪದಾರ್ಥ, ದೊಡ್ಡ ತಟ್ಟೆಯ ನಡುವೆ ಚೂರೇ ಚೂರು. ಯಾರೂ ಯಾರಿಗೂ ಒತ್ತಾಯ ಮಾಡುವುದಿಲ್ಲ. ಕೊನೆಗೆ ಮುದುಕ ಬಿಳಿ ಕರವಸ್ತ್ರದಲ್ಲಿ ಬಾಯೊರೆಸಿಕೊಂಡು ಎದ್ದು ಅಳಿಯನನ್ನು ತಬ್ಬಿಕೊಂಡ. ನನಗೆ ಜ್ಞಾನೋದಯವಾಯಿತು. ಊಟ ಹೊಟ್ಟೆಗಲ್ಲ, ಗೌರವಕ್ಕೆ. ಕಡಿಮೆ ಬಡಿಸಿದಷ್ಟೂ ಗೌರವ ಜಾಸ್ತಿ!

"ನಿಮ್ಗೆ ತಲೆ ಕೆಟ್ಟಿದ್ಯಾ?" ಎಂದಳು ಸರೋಜ. "ಅಪ್ಪಯ್ಯ ಚಾಪೆ ಮೇಲೆ ಕೂತ್ರೆ ಹದಿನೈದು ಕಡುಬು ತಿನ್ನೋರು."

"ಅದು ಬರೀ ಊಟ. ಇದು ಡೈನಿಂಗು! ಅಡುಗೆ ನಿಂದು, ಬಡಿಸೋದು ನಂದು. ನೀನು ಒಳಗಿಂದ ಹೊರಗೆ ಬರ್ಲೇಬಾರ್ದು."

ಜಗಳವಾಡಿ ಶುಭಕಾರ್ಯ ಕೆಡಿಸುವುದು ಬೇಡವೆಂದು ಅವಳು ಸುಮ್ಮನಾದಳು. ನಾನು ಅದನ್ನು ಮೆಚ್ಚುಗೆ ಎಂದು ತಿಳಿದೆ.

ಭಾನುವಾರ ಮಧ್ಯಾಹ್ನ ಮಾವನನ್ನು ಸಕಲ ಮರ್ಯಾದೆಗಳೊಂದಿಗೆ ಕುರ್ಚಿಯ ಮೇಲೆ ಕೂರಿಸಿದೆ. ಮೊದಲ ಪದಾರ್ಥ ಸೂಪು. ಅಂದರೆ ಸರೋಜ ಮಾಡಿದ ಕೋಳಿ ಸಾರನ್ನು ಬಟ್ಟೆಯಲ್ಲಿ ಸೋಸಿ, ಕೋಳಿಯನ್ನು ಒಳಗೇ ಬಿಟ್ಟು, ತಿಳಿಯನ್ನು ಲೋಟದಲ್ಲಿ ತಂದಿಟ್ಟೆ. ಮಾವ ಲೋಟದೊಳಗೆ ಇಣುಕಿ ನೋಡಿದರು. ಕೋಳಿ ಎಲ್ಲಿ ಎಂದು ಕೇಳಲಿಲ್ಲ. ನೆಂಟರು ಹಾಗೆಲ್ಲ ಕೇಳುವುದಿಲ್ಲ.

ಎರಡನೆಯದು ಕಡುಬು. ಒಂದೇ ಒಂದು. ಅದನ್ನೂ ನಾಲ್ಕು ಹೋಳು ಮಾಡಿ, ಒಂದು ಹೋಳನ್ನು ತಟ್ಟೆಯ ನಡುವೆ ಇಟ್ಟಿದ್ದೆ. ಪಕ್ಕದಲ್ಲಿ ಎಂಜಿನಿಯರರ ಮನೆಯಿಂದ ಕಡ ತಂದ ಮುಳ್ಳುಚಮಚ. ಮಾವ ಅದರಿಂದ ಚುಚ್ಚಿದರು. ಕಡುಬು ಜಾರಿ ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಅದನ್ನು ಕೈಯಲ್ಲೇ ಎತ್ತಿ ಒಂದೇ ತುತ್ತಿಗೆ ನುಂಗಿದರು. ಅಷ್ಟರಲ್ಲಿ ಹಳೇ ಅಭ್ಯಾಸಬಲದಿಂದ ನನ್ನ ಬಾಯಿ ಜಾರಿತು. "ಇನ್ನೊಂಚೂರು ಹಾಕ್ಲಾ ಮಾವ?"

ಮಾವ ಪದ್ಧತಿಯಂತೆ ತಟ್ಟೆಗೆ ಕೈ ಅಡ್ಡ ಹಿಡಿದರು. "ಬ್ಯಾಡ, ಬ್ಯಾಡ."

ನಮ್ಮ ಕಡೆ ಹಸುಗೂಸಿಗೂ ಗೊತ್ತು. ನೆಂಟರು ಮೂರು ಸಲ ಬೇಡ ಎನ್ನಬೇಕು, ಬಡಿಸುವವನು ಅವರ ಬೆರಳ ಮೇಲೇ ಹಾಕಬೇಕು. ಅದು ಉಪಚಾರ. ನಾನು ಸಿನಿಮಾದವನಂತೆ ಘನಗಾಂಭೀರ್ಯದಿಂದ ತಲೆಬಾಗಿ ತಟ್ಟೆಯನ್ನೇ ಎತ್ತಿಕೊಂಡು ಹೋದೆ!

ಹಿಂದೆಯೇ ಮೂರನೆಯ ಪದಾರ್ಥ ತಂದೆ. ಪಾಯಸ. ಹಳೆಯ ಗಾಯ ಮಾಯಲಿ ಎಂದು ಸರೋಜ ಒಂದು ತಪ್ಪಲೆ ತುಂಬ ಮಾಡಿದ್ದಳು. ನಾನು ತಂದದ್ದು ಒಂದು ಚಮಚ.

ಮಾವ ಆ ಚಮಚವನ್ನೇ ನೋಡಿದರು. ಮುಖ ಕೆಂಪಾಯಿತು. "ಗೊತ್ತಾಯ್ತು. ಮೂರು ವರ್ಷ ಕಾದು ಸೇಡು ತೀರಿಸ್ಕೊಂಡ್ರಿ ಅಲ್ವಾ?" ಎಂದು ಚೀಲ ಎತ್ತಿಕೊಂಡು ನಡೆದೇಬಿಟ್ಟರು. ನಾನು ಆಗಲೂ ಸಿನಿಮಾದಲ್ಲಿದ್ದಂಥ ಬಿಳಿ ಕರವಸ್ತ್ರ ಹಿಡಿದು ಅವರ ಹಿಂದೆ ಓಡಿದೆ. "ಮಾವ, ಬಾಯಿ ಒರೆಸ್ಕೊಳ್ಳಿ!"

ಸರೋಜ ಹೊರಗೆ ಬಂದಳು. ಬಯ್ಯಲಿಲ್ಲ. "ಅಪ್ಪಯ್ಯ ಹೋದ್ರಾ?" ಎಂದಳು, ಅಷ್ಟೇ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವಳು ಕಡುಬಿನ ಪಾತ್ರೆ ಎತ್ತಿಕೊಂಡು ಬರಿಗಾಲಲ್ಲೇ ಬಸ್ ನಿಲ್ಲುವ ಕಡೆ ಓಡಿದಳು. ಹಿಂದೆ ನಾನು, ಒಂದು ಕೈಯಲ್ಲಿ ಸಾರು, ಇನ್ನೊಂದರಲ್ಲಿ ಪಾಯಸ.

ಮಾವ ಸಾಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಮಗಳು ಹತ್ತಿ ಪಕ್ಕದಲ್ಲಿ ಕೂತರೂ ತಿರುಗಲಿಲ್ಲ.

"ಅಪ್ಪಯ್ಯ, ಸೇಡು ತೀರಿಸ್ಕೊಳ್ಳೋವಷ್ಟು ಬುದ್ಧಿ ಇವ್ರಿಗೆಲ್ಲಿದೆ?" ಎಂದಳು ಸರೋಜ ಅಳುತ್ತಾ. "ಸಿನಿಮಾ ನೋಡಿ ಹಿಂಗಾಗಿದಾರೆ."

ಇಡೀ ಬಸ್ಸು ನನ್ನ ಕಡೆ ತಿರುಗಿತು. ಸಾರು, ಪಾಯಸ ಹಿಡಿದು ಕೆಳಗೆ ನಿಂತಿದ್ದ ನನ್ನನ್ನು ಮಾವ ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಮಾತು ನಿಜವಿರಬೇಕು ಎನ್ನಿಸಿತೇನೋ, ಕಡುಬಿನ ಪಾತ್ರೆಗೆ ಕೈ ಹಾಕಿದರು. ಕಂಡಕ್ಟರು ಸೀಟಿ ಊದದೆ ಕಾದ. ಎಂಟು ಕಡುಬು ಮುಗಿದ ಮೇಲೆ ಮಾವ ಮಗಳ ತಲೆ ಸವರಿ, "ಮುಂದಿನ ತಿಂಗ್ಳು ಬಂದು ಒಂದು ವಾರ ಇರ್ತೀನಿ ಮಗಾ" ಎಂದರು. ಆಮೇಲೆ ದನಿ ತಗ್ಗಿಸಿದರು. ಆದರೂ ಕೇಳಿಸಿತು. "ನಿನ್ನ ಗಂಡ ಊರಲ್ಲಿ ಇಲ್ಲದಾಗ ನೋಡಿ ಕಾಗದ ಹಾಕು."

ಸರೋಜ ಕಾಗದ ಹಾಕಿದಳು. ಮಾವ ಬಂದರು, ವಾರವೆಲ್ಲ ಇದ್ದರು, ಅಪ್ಪ ಮಗಳು ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಆ ಒಂದು ವಾರ ನಾನು ರಜೆ ಹಾಕಿ ಸಾಗರದಲ್ಲಿದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ.