ಅಣ್ಣಯ್ಯಪ್ಪ ಮೇಷ್ಟ್ರ ಕಡಲಾಚೆಯ ಮನೆ

ಅಣ್ಣಯ್ಯಪ್ಪ ಮೇಷ್ಟ್ರ ಹಣೆಯಲ್ಲಿ ಬ್ರಹ್ಮ ಎಲ್ಲವನ್ನೂ ಬರೆದಿದ್ದ, ಮನೆ ಎಂಬ ಎರಡಕ್ಷರವನ್ನು ಮಾತ್ರ ಬಿಟ್ಟಿದ್ದ. ಅಷ್ಟು ಹೊತ್ತಿಗೆ ಅವನ ಶಾಯಿ ಮುಗಿದಿತ್ತೋ, ಇವರ ಹಣೆಯೇ ಮುಗಿದಿತ್ತೋ ಗೊತ್ತಿಲ್ಲ (ಹಣೆಯೇ ಮುಗಿದಿತ್ತು ಎಂಬುದು ಹೆಂಡತಿ ಗಂಗಾಲಕ್ಷ್ಮಿಯ ಅಭಿಪ್ರಾಯ). ಪಾಲಕೋಡಿನ ಒಂದು ಮೆಟ್ರಿಕ್ಯುಲೇಷನ್ ಶಾಲೆಯಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿ, ಅಷ್ಟೂ ವರ್ಷ ಮುತ್ಯಾಲಮ್ಮನ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದು, ನಲವತ್ತೆರಡನೆಯ ವಯಸ್ಸಿನಲ್ಲಿ ಅವರು ಒಂದು ಸಾಹಸಕ್ಕೆ ಕೈ ಹಾಕಿದರು. ಪೇಪರಿನಲ್ಲಿ ಜಾಹೀರಾತು ನೋಡಿ ಮಾಲ್ಡೀವ್ಸಿನ ಯಾವುದೋ ದ್ವೀಪದ ಶಾಲೆಗೆ ಅರ್ಜಿ ಹಾಕಿದರು. ಮದರಾಸಿಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದರು. 1995ರ ಜೂನಿನಲ್ಲಿ, ಯಾರೂ ನಿರೀಕ್ಷಿಸದಿದ್ದಾಗ, ಕೆಲಸ ಸಿಕ್ಕಿಯೇಬಿಟ್ಟಿತು.

ಕಾಗದದ ಜೊತೆಗೆ ಒಂದು ಫಾರಂ ಬಂದಿತ್ತು. ಹೆಸರು, ತಂದೆಯ ಹೆಸರು, ರಕ್ತದ ಗುಂಪು ಎಲ್ಲವನ್ನೂ ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ತುಂಬಿದರು. ಆರನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ವಾಸದ ವ್ಯವಸ್ಥೆ ಎಂದು ಬರೆದು ಎರಡು ಚೌಕ ಹಾಕಿದ್ದರು. ಒಂದು, ಶಾಲೆಯೇ ಕೊಡುವ ಮನೆ. ಇನ್ನೊಂದು, ನೀವೇ ಊರಿನಲ್ಲಿ ಹಿಡಿಯುವ ಬಾಡಿಗೆ ಮನೆ, ಅದಕ್ಕೆ ಶಾಲೆಯಿಂದ ಭತ್ಯೆ. ಟಿಕ್ ಹಾಕಿ ಹದಿನೈದು ದಿನದೊಳಗೆ ಮದರಾಸಿನ ಏಜೆಂಟರಿಗೆ ಕಳಿಸಬೇಕಿತ್ತು.

"ಇದ್ರಲ್ಲಿ ಯೋಚ್ನೆ ಮಾಡಾಕೆ ಏನೈತೆ? ಇಸ್ಕೂಲ್ ಕೊಡೋ ಮನೆಗೆ ಟಿಕ್ ಆಕಿ" ಎಂದಳು ಗಂಗಾಲಕ್ಷ್ಮಿ.

"ಕ್ವಾರ್ಟರ್ಸಾ? ಪ್ರಾಣ ಹೋದರೂ ಇಲ್ಲ!"

ಮೇಷ್ಟ್ರ ಆಕ್ರೋಶಕ್ಕೆ ಇತಿಹಾಸವಿತ್ತು. ಮದುವೆಗೆ ಮುಂಚೆ ಅವರು ಸೇಲಂ ಕಡೆಯ ಬೆಟ್ಟದ ಮೇಲೆ ಒಂದು ವಸತಿ ಶಾಲೆಯಲ್ಲಿ ಮೂರು ವರ್ಷ ಇದ್ದರು. ಅಲ್ಲಿ ಅವರ ಕ್ವಾರ್ಟರ್ಸಿಗೂ ಹೆಡ್‌ಮಾಸ್ಟರ ಕ್ವಾರ್ಟರ್ಸಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಮೇಲೆ ಹೆಡ್‌ಮಾಸ್ಟರು ಬೆರಳ ಗೆಣ್ಣಿನಿಂದ ಎರಡು ಬಾರಿ ತಟ್ಟಿದರೆ ಇವರು ಓಡಬೇಕು. ಗ್ಯಾಸ್ ಸಿಲಿಂಡರ್ ಬದಲಾಯಿಸಲು ತಟ್ಟುತ್ತಿದ್ದರು, ಬೀಗರಿಗೆ ಕಾಗದ ಬರೆಸಲು ತಟ್ಟುತ್ತಿದ್ದರು. ಒಮ್ಮೆ ಅಕ್ಕಿ ಡಬ್ಬದೊಳಕ್ಕೆ ಹೆಗ್ಗಣ ಹೊಕ್ಕಾಗಲೂ ತಟ್ಟಿದರು. ಇಂದಿಗೂ ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ಮೇಷ್ಟ್ರು "ಬಂದೇ ಸಾರ್" ಎಂದು ಎದ್ದು ನಿಲ್ಲುತ್ತಾರೆ.

(ಆದರೆ ಈ ಮನೆಯಲ್ಲಿ ಯಾರೂ ಮೊಳೆ ಹೊಡೆಯುವಂತಿರಲಿಲ್ಲ. ಅದು ಮುತ್ಯಾಲಮ್ಮನ ಮೊದಲ ಶಾಸನ.)

ಗಂಗಾಲಕ್ಷ್ಮಿಗೂ ಅವಳದೇ ಇತಿಹಾಸವಿತ್ತು. ಮಹಡಿಯ ಮೇಲಿರುವ ಮುತ್ಯಾಲಮ್ಮ ಬೆಳಗ್ಗೆ ಏಳಕ್ಕೆ ಸರಿಯಾಗಿ ನೀರಿನ ಮೋಟರ್ ಆಫ್ ಮಾಡುತ್ತಾಳೆ. ನೆಂಟರು ಎರಡು ದಿನ ಉಳಿದರೆ ಮೂರನೆಯ ದಿನ ಮೆಟ್ಟಿಲ ಮೇಲೆ ನಿಂತು "ಊರಲ್ಲಿ ಎಲ್ಲಾರೂ ಸೌಕ್ಯವಾ?" ಎಂದು ವಿಚಾರಿಸುತ್ತಾಳೆ. ಒಗ್ಗರಣೆಯ ಚಟಪಟದಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲದಕ್ಕೂ ಮೇಲಿನಿಂದ ಅಪ್ಪಣೆ ಬೇಕು.

"ಅನ್ನೊಂದು ವರ್ಷ ಔಸ್ ಓನರ್ ಕಾಲಡಿ ಬದುಕಿವ್ನಿ. ಸಮುದ್ರ ದಾಟಿ ಓಗಿ ಇನ್ನೊಬ್ಬ ಔಸ್ ಓನರ್ ಕಾಲಡಿಗೆ ಬೀಳಬೇಕಾ? ಅವ್ರ ಬಾಷೆ ಬೇರೆ ಬರಾಕಿಲ್ಲ. ಬೈದ್ರೆ ತಿರುಗಿ ಬೈಯ್ಯಾಕೂ ಆಗಾಕಿಲ್ಲ!"

"ಎಚ್ಚೆಮ್ಮು ಬೈದ್ರೆ ಭಾಷೆ ಬಂದರೂ ತಿರುಗಿ ಬೈಯ್ಯೋಕಾಗಲ್ಲ ಕಣೇ!"

"ನಿಮ್ಗೆ ಆಗಾಕಿಲ್ಲ. ನನ್ಗೆ ಆಯ್ತದೆ."

ಹೀಗೆ ಐದು ದಿನ ನಡೆಯಿತು. ಆರನೆಯ ದಿನ ಮೇಲಿನಿಂದ ಮುತ್ಯಾಲಮ್ಮ ಇಳಿದು ಬಂದಳು. ಹಿಂದೆ ಅಪರಿಚಿತ ದಂಪತಿಗಳಿದ್ದರು. ಯಾರನ್ನೂ ಕೇಳದೆ ಅವರನ್ನು ನೇರ ಅಡುಗೆಮನೆಗೆ ಕರೆದೊಯ್ದು, ದೋಸೆ ಹುಯ್ಯುತ್ತಿದ್ದ ಗಂಗಾಲಕ್ಷ್ಮಿಯನ್ನು ಒಂದು ಪಾತ್ರೆಯಂತೆ ಪಕ್ಕಕ್ಕೆ ಸರಿಸಿ, "ನೋಡ್ಕಳಿ, ಒಳ್ಳೆ ಗಾಳಿ ಬತ್ತದೆ" ಎಂದಳು.

"ಏನಮ್ಮಾ ಇದು?" ಎಂದರು ಮೇಷ್ಟ್ರು.

"ನೀವು ಫಾರಿನ್ ಓಯ್ತೀರಲ್ಲ ವಾದ್ಯಾರ್ರೇ. ಇವ್ರು ಅಡ್ವಾನ್ಸ್ ಕೊಟ್ಟವ್ರೆ. ಆಡಿ ಮಾಸ, ಅದೇ ಆಸಾಡಕ್ಕೆ ಮುಂಚೆ ಬರ್ತಾರಂತೆ."

ಶಾಲೆಯಲ್ಲೂ ಇದೇ ಗತಿ. ಮೇಷ್ಟ್ರು ರಾಜೀನಾಮೆ ಕೊಡುವುದೇ ತಡ, ಅವರ ಕುರ್ಚಿಯಲ್ಲಿ ಧರ್ಮಪುರಿಯಿಂದ ಬಂದ ಹೊಸ ಮೇಷ್ಟ್ರೊಬ್ಬರು ಕೂತಾಗಿತ್ತು. ಹಿಂದೆ ಹೆಜ್ಜೆ ಇಡಲು ನೆಲವಿರಲಿಲ್ಲ, ಮುಂದೆ ಇಡಲು ಎರಡು ಚೌಕಗಳಿದ್ದವು.

ಕೊನೆಗೆ ಯಾರೋ ಎಡಪ್ಪಾಡಿಯ ಈಶ್ವರನ್ ಎಂಬುವರ ವಿಳಾಸ ಕೊಟ್ಟರು. ಅವರು ಅದೇ ದ್ವೀಪಗಳಲ್ಲಿ ನಾಲ್ಕು ವರ್ಷ ವಿಜ್ಞಾನ ಕಲಿಸಿ ಬಂದವರು, ಎರಡು ವರ್ಷ ಕ್ವಾರ್ಟರ್ಸಿನಲ್ಲಿ, ಎರಡು ವರ್ಷ ಬಾಡಿಗೆ ಮನೆಯಲ್ಲಿ ಇದ್ದವರು. ಇಂಥ ಅನುಭವಸಂಪನ್ನರು ಸಿಗುವುದು ಪೂರ್ವಜನ್ಮದ ಪುಣ್ಯವೆಂದು ದಂಪತಿಗಳು ಭಾನುವಾರ ಬೆಳಗ್ಗೆಯೇ ಬಸ್ಸು ಹತ್ತಿದರು. ಬೀದಿ ತುಂಬಾ ಮಗ್ಗದ ಸದ್ದು. ಈಶ್ವರನ್ ಬಾಗಿಲಲ್ಲೇ ನಿಂತು ಸ್ವಾಗತಿಸಿದರು. ಅವರ ಹೆಂಡತಿ ಶಶಿಕಲಾ ಕಾಫಿಗೆ ಹಾಲು ಇಟ್ಟರು.

"ಬಾಡಿಗೆ ಮನೆಗೆ ಮಾತ್ರ ಓಗ್ಬೇಡಿ ಸಾರ್" ಎಂದರು ಈಶ್ವರನ್ ತಗ್ಗಿದ ದನಿಯಲ್ಲಿ. "ಮನೆ ನಮ್ದು ಅಂತಾರೆ. ಆದ್ರೆ ಓನರ್ ಅತ್ತೆ, ಅಜ್ಜಿ, ನಾದಿನಿ ಎಲ್ಲಾ ನಮ್ ಅಂಗಳದಲ್ಲೇ ಉಯ್ಯಾಲೆ ಕಟ್ಕೊಂಡು ಕೂತಿರ್ತಾರೆ. ನಾನು ಬನಿಯನ್ನಲ್ಲಿ ಒರಗೆ ಬರಾಕೆ ಎರಡು ವರ್ಷ ಆಗ್ಲಿಲ್ಲ."

ಅಡುಗೆಮನೆಯಿಂದ ಶಶಿಕಲಾ ಹಾಲಿನ ಸೌಟು ಹಿಡಿದೇ ಹೊರಬಂದರು. "ಪೊಯ್! ಸುಳ್ಳು! ಅವ್ರು ಬಂಗಾರದಂಥ ಜನ. ಕ್ವಾರ್ಟರ್ಸು ಅಲ್ವಾ ನರಕ? ಐದು ಸಂಸಾರಕ್ಕೆ ಒಂದು ಬಾತ್‌ರೂಮು ಅಕ್ಕಾ! ಸೂರ್ಯ ಊಟ್ಟೋ ಮುಂಚೆ ಬಕೀಟು ಇಡ್ಕೊಂಡು ಕ್ಯೂ ನಿಲ್ತಿದ್ದೋಳು ನಾನು. ಇವ್ರಲ್ಲ!"

"ಬಾತ್‌ರೂಮಿಗೋಸ್ಕರ ಪ್ರಿನ್ಸಿಪಾಲ್ ಎಂಡ್ತಿ ಜೊತೆ ಜಗಳ ಆಡಿ ಮನೆ ಬಿಡಿಸ್ದೋಳು ನೀನು!"

"ಉಯ್ಯಾಲೆ ಅಗ್ಗ ಕತ್ತರಿಸಿ ಮಾನ ಕಳೆದೋರು ನೀವು!"

ನಾಲ್ಕು ವರ್ಷದ ಕಡಲಾಚೆಯ ಸಂಸಾರ ಅರ್ಧ ಗಂಟೆಯಲ್ಲಿ ಎಡಪ್ಪಾಡಿಯ ಆ ನಡುಮನೆಯಲ್ಲಿ ಮತ್ತೆ ನಡೆದುಹೋಯಿತು. ಹಾಲು ಉಕ್ಕಿ ಒಲೆ ಆರಿತು. ಕೊನೆಗೆ ಗಂಡ ಹಿತ್ತಿಲ ಕಡೆಗೂ ಹೆಂಡತಿ ದೇವರ ಕೋಣೆಗೂ ಹೋಗಿ ಬಾಗಿಲು ಹಾಕಿಕೊಂಡರು. ಕಾಫಿ ಕುಡಿಯದ ಅತಿಥಿಗಳು ಯಾರಿಗೂ ಹೇಳದೆ, ತಾವೇ ಜಗಳ ಹಚ್ಚಿದ ಅಪರಾಧಿಗಳಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದರು.

ವಾಪಸು ಬಸ್ಸಿನಲ್ಲಿ, ಧರ್ಮಪುರಿ ದಾಟಿದ ಮೇಲೆ ಗಂಗಾಲಕ್ಷ್ಮಿ "ಎಲ್ಲೋದ್ರೂ ಇಷ್ಟೇನಾ ನಮ್ ಪಾಡು?" ಎಂದಳು. ಮೇಷ್ಟ್ರಿಗೆ, ಎಲ್ಲ ಲೆಕ್ಕಕ್ಕೂ ಉತ್ತರವಿದೆ ಎಂದು ಮಕ್ಕಳಿಗೆ ಹೇಳಿಕೊಟ್ಟು ಬಂದ ಪಾಪ ಈಗ ಸುತ್ತಿಕೊಂಡಿದೆ ಅನ್ನಿಸಿತು.

ಹದಿನಾಲ್ಕನೆಯ ದಿನ ಬೆಳಗ್ಗೆ ಏಳಕ್ಕೆ ಮೋಟರ್ ನಿಂತಿತು. ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದ ಗಂಗಾಲಕ್ಷ್ಮಿ ಕಣ್ಣು ಮುಚ್ಚಿಕೊಂಡೇ ಬಚ್ಚಲಿನಿಂದ ಹೊರಬಂದು, ಗೋಡೆ ತಡವುತ್ತಾ ಕುಡಿಯುವ ನೀರಿನ ಕೊಡ ಹುಡುಕತೊಡಗಿದಳು. ಅವಳು ಬೈಯ್ಯಲೂ ಇಲ್ಲ, ಅಳಲೂ ಇಲ್ಲ, ಅಭ್ಯಾಸದಿಂದ ಸುಮ್ಮನೆ ತಡವುತ್ತಿದ್ದಳು. ಅದನ್ನು ನೋಡಿದ ಮೇಷ್ಟ್ರು ಕೊಡವನ್ನು ಎತ್ತಿಕೊಂಡು ಹೋಗಿ ತಾವೇ ಅವಳ ತಲೆಗೆ ನೀರು ಹುಯ್ದರು. ಆಮೇಲೆ ಒದ್ದೆ ಕೈ ಒರೆಸಿಕೊಂಡು, ಬೆಟ್ಟದ ಹೆಡ್‌ಮಾಸ್ಟರನ್ನು ಮನಸ್ಸಿನಲ್ಲೇ ಕ್ಷಮಿಸಿ, ಶಾಲೆ ಕೊಡುವ ಮನೆಗೆ ಟಿಕ್ ಹಾಕಿದರು. ಫಾರಂ ಕವರಿನೊಳಗಿಟ್ಟು, ಅಂಟು ತರಲು ಪಕ್ಕದ ಅಂಗಡಿಗೆ ಹೋದರು. ಹೆಂಡತಿಗೆ ಹೇಳಲಿಲ್ಲ. ದ್ವೀಪಕ್ಕೆ ಹೋದ ಮೇಲೆ ಹೇಳಿ ಅವಳ ಮುಖ ನೋಡಬೇಕೆಂಬ ಆಸೆ.

ಗಂಡ ನೀರು ಹುಯ್ದದ್ದು ಗಂಗಾಲಕ್ಷ್ಮಿಯ ಮದುವೆಯ ಚರಿತ್ರೆಯಲ್ಲೇ ಮೊದಲು. 'ಪಾಪ, ಈ ಮನುಷ್ಯನ್ನ ಮತ್ತೆ ಎಚ್ಚೆಮ್ಮಿನ ಪಕ್ಕ ತಳ್ಳಬೇಕಾ? ಓನರ್ ಬಾಯಿಗೆ ನಾನು ಎಂಗೋ ಒಗ್ಗಿವ್ನಿ' ಅಂದುಕೊಂಡಳು. ಕವರಿನ ಬಾಯಿಂದ ಫಾರಮಿನ ಅಂಚು ಎಳೆದು, ಎರಡನೆಯ ಚೌಕ ಖಾಲಿ ಕಂಡದ್ದೇ ತಡ, ಬಾಡಿಗೆ ಮನೆಗೆ ಟಿಕ್ ಹಾಕಿ ಒಳಗೆ ತಳ್ಳಿದಳು. ಮೊದಲನೆಯ ಚೌಕ ಮಡಿಕೆಯೊಳಗಿತ್ತು. ಮೇಷ್ಟ್ರು ಬಂದು ಕವರು ಅಂಟಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅಂದು ಆ ಮನೆಯಲ್ಲಿ ಕೇಸರಿಬಾತ್ ಕೂಡ ಆಯಿತು.

ಮೂರು ವಾರದ ಮೇಲೆ, ಸಾಮಾನು ಕಟ್ಟಿ ಮುಗಿದಾಗ, ಮೀನಿನ ಸ್ಟಾಂಪಿನ ಕಾಗದ ಬಂತು. ದ್ವೀಪದ ಪ್ರಿನ್ಸಿಪಾಲರು ಸ್ವತಃ ಬರೆದಿದ್ದರು. ಮೇಷ್ಟ್ರು ಓದುತ್ತಾ ಹೆಂಡತಿಗೆ ಅರ್ಥ ಹೇಳಿದರು.

"ಪ್ರಿಯ ಅಣ್ಣಯ್ಯಪ್ಪನವರೇ, ಎರಡಕ್ಕೂ ಟಿಕ್ ಹಾಕಿದ ಮೊದಲ ಅಧ್ಯಾಪಕರು ನೀವು. ಇಂಥ ಹೊಂದಾಣಿಕೆಯ ಸ್ವಭಾವ ಕಂಡು ಸಂತೋಷವಾಯಿತು. ನನ್ನ ಸ್ವಂತ ಮನೆಯ ಮಹಡಿ ಖಾಲಿಯಿದೆ. ಪ್ರಿನ್ಸಿಪಾಲರ ಮನೆಯಾದ್ದರಿಂದ ಅದು ಶಾಲೆಯ ಮನೆಯೇ. ಬಾಡಿಗೆಯನ್ನು ನನಗೇ ಕೊಡುವುದರಿಂದ ಬಾಡಿಗೆ ಮನೆಯೂ ಹೌದು. ಮೆಟ್ಟಿಲು ನಮ್ಮ ನಡುಮನೆಯೊಳಗಿಂದಲೇ ಇರುವುದರಿಂದ ದಿನವೂ ಭೇಟಿಯಾಗಬಹುದು. ನನ್ನ ಮೂವರು ಗಂಡುಮಕ್ಕಳೂ ಗಣಿತದಲ್ಲಿ ಹಿಂದೆ..."

ಮೇಷ್ಟ್ರು ಕಾಗದ ಮಡಚಿ ಹೆಂಡತಿಯ ಕಡೆ ತಿರುಗಿದರು.

"ನೀನೂ ಹಾಕಿದ್ಯಾ?"

"ನಿಮ್ಗೋಸ್ಕರ ಕಣ್ರೀ" ಎಂದಳು ಗಂಗಾಲಕ್ಷ್ಮಿ. "ನೀವು?"

"ನಿನಗೋಸ್ಕರ."

ಇಬ್ಬರ ಕಣ್ಣಲ್ಲೂ ನೀರು ಬಂತು. ಮೇಷ್ಟ್ರು ಮೂಗು ಒರೆಸಿಕೊಂಡು, "ಹೋಗಲಿ ಬಿಡು, ಗಂಗೂ. ಇಬ್ಬರೂ ಸೇರಿ ಅನುಭವಿಸಿದರೆ ಕಷ್ಟ ಅರ್ಧ ಆಗುತ್ತೆ" ಎಂದರು.

"ಅರ್ಧ ಯಾಕೆ? ಪೂರ್ತಿ ನೀವೇ ಇಟ್ಕಳಿ" ಎಂದಳು ಗಂಗಾಲಕ್ಷ್ಮಿ, ತನ್ನ ಟ್ರಂಕನ್ನು ಮಾತ್ರ ಬೇರೆಯಾಗಿ ಎಳೆಯುತ್ತಾ. "ನಾನು ಪೆನ್ನಾಗರದಲ್ಲಿ ಅಮ್ಮನ್ ಮನೆಗೆ ಓಯ್ತೀನಿ. ವರ್ಷ ಆದ್ಮೇಲೆ ಅಲ್ಲಿ ಎಂಗೈತೆ ಅಂತ ಕಾಗದ ಬರೀರಿ, ನೋಡಾಣ."

ಅಷ್ಟರಲ್ಲಿ ಹೊರಗೆ ಎತ್ತಿನ ಗಾಡಿ ನಿಂತಿತು. ಹೊಸ ಬಾಡಿಗೆದಾರರ ಮಂಚ, ಬೀರು ಇಳಿಯತೊಡಗಿದವು. ಹೊಸಬರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ನಿಜ ಏಳಿ ಸಾರ್, ಮನೆ ಎಂಗೆ? ಓನರಮ್ಮ ಎಂಗೆ?" ಎಂದು ಪಿಸುಗುಟ್ಟಿದರು.

ಮೇಷ್ಟ್ರು ಮಹಡಿಯ ಕಡೆ ನೋಡಿದರು, ಕೈಯಲ್ಲಿದ್ದ ಕಾಗದದ ಕಡೆ ನೋಡಿದರು. "ಸ್ವರ್ಗ ಸಾರ್!" ಎಂದರು. "ಇಂಥ ಮನೆ, ಇಂಥ ತಾಯಿ, ಏಳು ಸಮುದ್ರ ದಾಟಿದರೂ ಸಿಗೋದಿಲ್ಲ."

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮುತ್ಯಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಯ್ಯೋ ವಾದ್ಯಾರ್ರೇ! ಅನ್ನೊಂದು ವರ್ಷದಲ್ಲಿ ಒಂದು ದಿನಾನಾರ ಈ ಮಾತು ಬಾಯಿ ಬಿಟ್ಟು ಏಳಿದ್ರೆ, ಈ ಮನೇನ ಕ್ರಯಕ್ಕೇ ಬರೆದು ಕೊಟ್ಬಿಡ್ತಿದ್ನಲ್ಲ!"