ಏಪ್ರಿಲ್ ಹತ್ತರ ವಾರ್ತೆಗಳು

ವರ್ಷವಿಡೀ ಎಷ್ಟೇ ಗಂಭೀರವಾಗಿದ್ದರೂ, ಕೊನೆಯ ದಿನ ಒಂದಾದರೂ ನಗೆಪಾಟಲು ಆಗದೆ ಬೇಸಿಗೆ ರಜೆ ಶುರುವಾದ ಶಾಲೆಯನ್ನು ನಾನು ಕಂಡಿರಲಿಲ್ಲ. ಈಗ ಕಾಣುತ್ತಿದ್ದೇನೆ. ಸಾಗರ ಪೇಟೆಯ ಈ ದೊಡ್ಡ ಶಾಲೆಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಫಲಿತಾಂಶ ಮೊಬೈಲಿಗೆ ಹೋಗುತ್ತದೆ. ಅಪ್ಪಂದಿರು ಬೈಕಿನಿಂದ ಇಳಿಯದೆಯೇ ಅಂಕಪಟ್ಟಿ ಇಸಿದುಕೊಂಡು ಹೊರಟುಬಿಡುತ್ತಾರೆ. ಹನ್ನೊಂದು ಗಂಟೆಗೆ ಅಂಗಳ ಖಾಲಿ. ಆ ಖಾಲಿ ಅಂಗಳ ನೋಡಿದಾಗಲೆಲ್ಲ ನನ್ನ ಹಳೇ ಶಾಲೆ ನೆನಪಾಗಿ ಒಬ್ಬಳೇ ನಗುತ್ತೇನೆ. ಪಕ್ಕದ ಟೀಚರು, "ಎಂತಾಯ್ತು?" ಅಂತ ಕೇಳಿದರೆ ಎಲ್ಲಿಂದ ಶುರುಮಾಡಲಿ?

ಅದು ಹೊಸನಗರ ತಾಲ್ಲೂಕಿನ ಒಂದು ಪುಟ್ಟ ಊರಿನ ಶಾಲೆ. ಹುಂಚದ ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕು. ಒಂದರಿಂದ ಐದನೇ ಕ್ಲಾಸಿನವರೆಗೆ. ಪಾಠ ಹೇಳುವವರು ಇಬ್ಬರು: ಹೆಡ್‌ಮೇಷ್ಟ್ರು ಮತ್ತು ನಾನು. ಬಿಸಿಯೂಟ ಮಾಡಲು ಊರಿನವರೇ ಆದ ಅಡುಗೆಯ ಅಕ್ಕ. ಇಷ್ಟೇ ಸಂಸಾರ. ಹೆಡ್‌ಮೇಷ್ಟ್ರದ್ದು ಒಂದು ಹಟವಿತ್ತು. ಏಪ್ರಿಲ್ ಹತ್ತಕ್ಕೆ ಬರೀ ಪಾಸು ಫೇಲು ಓದಿದರೆ ಸಾಲದು. ವರ್ಷವೆಲ್ಲ ಶಾಲೆಯಲ್ಲಿ ನಡೆದದ್ದು ಊರಿಗೆ ಗೊತ್ತಾಗಬೇಕು. ಅದನ್ನು ಮಕ್ಕಳೇ ಬರೆಯಬೇಕು, ಮಕ್ಕಳೇ ಓದಬೇಕು, ದೊಡ್ಡವರು ತಿದ್ದಬಾರದು. ಅದಕ್ಕೆ 'ಶಾಲಾ ವಾರ್ತೆ' ಎಂದು ಹೆಸರಿಟ್ಟಿದ್ದರು.

ತಿದ್ದಬಾರದು ಅಂದದ್ದೇ ಎಲ್ಲ ಎಡವಟ್ಟಿನ ಮೂಲ.

ಆಗಸ್ಟಿನ ಸಮಾಚಾರ

ನಾನು ಆ ಶಾಲೆಗೆ ಸೇರಿದ ಮೊದಲ ವರ್ಷ. ತೀರ್ಥಹಳ್ಳಿ ಪೇಟೆಯಲ್ಲಿ ಬೆಳೆದವಳು ನಾನು. ಬಸ್‌ಸ್ಟ್ಯಾಂಡಿನ ಗದ್ದಲ ಕೇಳದೆ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ನೋಡಿದರೆ ಕಾಲಿಗೆ ರಕ್ತ ಹೀರುವ ಇಂಬಳ, ಕಿವಿಗೆ ಜೀರುಂಡೆ. ಜುಲೈನಲ್ಲಿ ಒಂದು ದಿನ ತಡೆಯಲಾಗದೆ ಅಡುಗೆಮನೆಗೆ ಹೋಗಿ ಅಕ್ಕಿಮೂಟೆಯ ಹಿಂದೆ ಕೂತು ಅತ್ತೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ.

ವಾರ್ತೆ ಓದುವ ದಿನ ಊರವರೆಲ್ಲ ಚಾಪೆಯ ಮೇಲೆ ಕೂತಿದ್ದರು. ಮೂರನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಎರಡು ಜಡೆ ಮುಂದಕ್ಕೆ ಹಾಕಿಕೊಂಡು, ದೊಡ್ಡ ದನಿಯಲ್ಲಿ ಶುರುಮಾಡಿದಳು:

"ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಹೊಸ ಮಿಸ್ ಬಂದರು. ಜುಲೈ ತಿಂಗಳಲ್ಲಿ ಮಿಸ್ ಅತ್ತರು. ಆಗಸ್ಟ್ ತಿಂಗಳಲ್ಲಿ ಧ್ವಜ ಹಾರಿಸಲಾಯಿತು. ಸೆಪ್ಟೆಂಬರ್ ತಿಂಗಳಲ್ಲಿ ಮಿಸ್ ಅಳುವುದನ್ನು ನಿಲ್ಲಿಸಿದರು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಾರೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತರು. ನಗಲಿಲ್ಲ, ಬಹಳ ಕಾಳಜಿಯಿಂದಲೇ ಕೇಳಿದರು:

"ಅಲ್ಲ ಮೇಷ್ಟ್ರೇ, ಆಗಸ್ಟಲ್ಲಿ ಅಕ್ಕೋರು ಅತ್ರಾ ಇಲ್ವಾ? ಅದು ವಾರ್ತೆಯಾಗೆ ಬರ್ಲೇ ಇಲ್ಲ!"

ರಜೆ ಮುಗಿದು ಬಂದಾಗಿನಿಂದ ಆ ಊರಿನಲ್ಲಿ ನಾನು ಯಾರ ಮನೆ ಮುಂದೆ ಹೋದರೂ ಒಂದು ಲೋಟ ಮಜ್ಜಿಗೆ ಸಿಗುತ್ತಿತ್ತು.

ಕರ್ನಾಟಕದ ರಾಜಧಾನಿ

ಐದನೇ ಕ್ಲಾಸು ಮುಗಿದರೆ ಮಕ್ಕಳು ದೂರದ ದೊಡ್ಡ ಶಾಲೆಗೆ ಹೋಗಬೇಕು. ಒಂದು ವರ್ಷ ಐದರಲ್ಲಿದ್ದದ್ದು ಒಬ್ಬಳೇ ಹುಡುಗಿ. ಇಡೀ ಶಾಲೆಗೇ ಜಾಣೆ. ಮಗ್ಗಿ ಕೇಳಿದರೆ ಉತ್ತರ ನಮಗಿಂತ ಮೊದಲು ಹೇಳುತ್ತಿದ್ದಳು. ಅವಳ ವಾರ್ಷಿಕ ಪರೀಕ್ಷೆಯ ಪೇಪರು ತಿದ್ದಲು ಕೂತ ನಾನು ಗಾಬರಿಯಾದೆ. ಸೂರ್ಯ ಹುಟ್ಟುವ ದಿಕ್ಕು ಪಶ್ಚಿಮ. ಹಸುವಿಗೆ ಕಾಲು ಐದು. ಏಳೇಳ್ಲಿ ಐವತ್ತು. ಕರ್ನಾಟಕದ ರಾಜಧಾನಿ ಹುಂಚ. ಒಂದೇ ಒಂದು ಉತ್ತರ ಸರಿಯಿಲ್ಲ.

ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಇಷ್ಟು ಚೊಕ್ಕವಾಗಿ ತಪ್ಪು ಬರೀಬೇಕಾದ್ರೆ ಎಲ್ಲಾ ಸರಿ ಗೊತ್ತಿರ್ಬೇಕು. ಕರೀರಿ ಅವಳನ್ನ" ಅಂದರು.

ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು. ನಾನು ಹತ್ತಿರ ಕೂರಿಸಿಕೊಂಡು ಕೇಳಿದಾಗ ಅಳುತ್ತಾ ಅಂದಳು:

"ಫೇಲಾದ್ರೆ ಇನ್ನೊಂದು ವರ್ಷ ಇಲ್ಲೇ ಇರಬಹುದು ಅಲ್ವಾ ಮಿಸ್? ಆ ಶಾಲೆಲಿ ನಂಗೆ ಯಾರೂ ಗೊತ್ತಿಲ್ಲ."

ನನ್ನ ಕಣ್ಣೂ ತುಂಬಿ ಬಂತು. ಮೇಷ್ಟ್ರು ಅವಳನ್ನು ಎದುರಿಗೆ ನಿಲ್ಲಿಸಿ ಎಲ್ಲ ಪ್ರಶ್ನೆಗಳನ್ನೂ ಬಾಯಲ್ಲಿ ಕೇಳಿದರು. ಪಟಪಟ ಹೇಳಿದಳು. ಎಲ್ಲವೂ ಸರಿ. ಕೊನೆಗೆ ಮೇಷ್ಟ್ರಿಗೆ ಕುತೂಹಲ ತಡೆಯಲಿಲ್ಲ.

"ಅಲ್ಲ ಮಗಾ, ತಪ್ಪು ಬರೆಯೋದೇ ಆಗಿದ್ರೆ ಹುಂಚ ಯಾಕೆ? ಹೊಸನಗರ ಅಂತ ಬರೀಬಹುದಿತ್ತಲ್ಲ?"

ಕಣ್ಣೊರೆಸಿಕೊಂಡು ಹೇಳಿದಳು: "ಹೊಸನಗರ ತಾಲ್ಲೂಕು ಅಲ್ವಾ ಸರ್. ಪಾಪ ಅಂತ ನೀವು ಅರ್ಧ ಮಾರ್ಕು ಕೊಟ್ಟುಬಿಟ್ರೆ?"

ಹೆಬ್ಬೆಟ್ಟು

ವಾಟ್ಸಾಪು ಬಂದ ಮೇಲೆ ಮೇಲಿನಿಂದ ಆದೇಶವಾಯಿತು: ಪೋಷಕರ ಗುಂಪು ಮಾಡಿ, ಶಾಲೆಯ ಸುದ್ದಿ ಅದರಲ್ಲಿ ಹಾಕಿ. ಮೇಷ್ಟ್ರು ಮಾಡಿದರು. ಆದರೆ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಏಪ್ರಿಲ್ ಹತ್ತಕ್ಕೆ ಫಲಿತಾಂಶ ಕಳಿಸಲು ಮೇಷ್ಟ್ರು ಏದುಸಿರು ಬಿಡುತ್ತಾ ಗುಡ್ಡ ಹತ್ತಿದರೆ, ಅದನ್ನು ನೋಡಲು ಊರವರೆಲ್ಲ ಆಗಲೇ ಅಲ್ಲಿ ಬಂದು ಕೂತಿದ್ದಾರೆ!

"ಎದುರಿಗೇ ಇದ್ದೀರಲ್ಲ, ಓದಿಯೇ ಹೇಳ್ತೀನಿ" ಅಂತ ಮೇಷ್ಟ್ರು ಓದಿದರು. ಆಮೇಲೆ ನಿಯಮ ನಿಯಮವೇ ಅಂತ ಮೊಬೈಲಿನಿಂದಲೂ ಕಳಿಸಿದರು. ಟುಂಯ್ ಟುಂಯ್ ಅಂತ ಗುಡ್ಡದ ತುಂಬ ಸದ್ದು. ಮರುಕ್ಷಣ ಒಬ್ಬೊಬ್ಬರೇ ಉತ್ತರವಾಗಿ ಹೆಬ್ಬೆಟ್ಟಿನ ಚಿತ್ರ ಒತ್ತಿದರು. ಮೇಷ್ಟ್ರು ಮೊಬೈಲ್ ನೋಡಿದರು, ಜನರನ್ನು ನೋಡಿದರು, ಕಲ್ಲಿನ ಮೇಲೆ ಕುಸಿದು ಕೂತರು.

"ಈ ಊರಿಗೆ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸೋಕೆ ಇಪ್ಪತ್ತು ವರ್ಷ ಹಿಡೀತು ಕಣ್ರೋ. ಒಂದೇ ದಿನಕ್ಕೆ ಎಲ್ಲಾರೂ ವಾಪಸ್ ಅಲ್ಲಿಗೇ ಹೋದ್ರಲ್ಲ!"

ದಾಖಲಾತಿ ಮೆರವಣಿಗೆ

ಆ ಹೊತ್ತಿಗೆ ಮಕ್ಕಳು ಕಡಿಮೆಯಾಗುತ್ತಾ ಬಂದಿದ್ದರು. ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಊರಿನ ಬುಡಕ್ಕೇ ಬರುತ್ತಿತ್ತು. ಮೇಷ್ಟ್ರು ಬಟ್ಟೆಯ ಮೇಲೆ ದೊಡ್ಡಕ್ಷರದಲ್ಲಿ 'ನಾವೆಲ್ಲರೂ ಸರ್ಕಾರಿ ಶಾಲೆಗೆ ಸೇರೋಣ' ಎಂದು ಬರೆದರು. ಇದ್ದ ಒಂಬತ್ತು ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೊರಟೆವು. ಮಕ್ಕಳು ಘೋಷಣೆ ಕೂಗುತ್ತಾ ಮುಂದೆ, ನಾವಿಬ್ಬರು ಹಿಂದೆ.

ಒಂದು ಲೆಕ್ಕ ತಪ್ಪಿತ್ತು. ನಾವು ಹೋಗುತ್ತಿದ್ದದ್ದು ಆ ಮಕ್ಕಳ ಮನೆಗಳಿಗೇ. ಮೊದಲ ಮನೆಯಲ್ಲಿ ಮುರುಗಲು ಹಣ್ಣಿನ ಪಾನಕ ಕೊಟ್ಟರು. ಆ ಮನೆಯ ಹುಡುಗ ಅಲ್ಲೇ ಉಳಿದ. ಎರಡನೇ ಮನೆಯಲ್ಲಿ ಹಲಸಿನ ಹಪ್ಪಳ. ಅಕ್ಕ ತಂಗಿ ಇಬ್ಬರೂ ಅಲ್ಲೇ. ಮುಂದಿನ ಮನೆಯಲ್ಲಿ ಮಾವಿನಕಾಯಿಗೆ ಉಪ್ಪು ಖಾರ. ಹೀಗೆ ಮನೆಗೊಬ್ಬರು ಕಳಚಿಕೊಳ್ಳುತ್ತಾ, ಊರಿನ ಕೊನೆಗೆ ಬರುವ ಹೊತ್ತಿಗೆ ಬಟ್ಟೆಯ ಈ ತುದಿ ನಾನು, ಆ ತುದಿ ಮೇಷ್ಟ್ರು. ಹಿಡಿದುಕೊಂಡು ಮೆಟ್ಟಿಲಿನ ಹಾಗೆ ಇಬ್ಬರೇ ನಡೆಯುತ್ತಿದ್ದೆವು, ಅವರು ಎತ್ತರ, ನಾನು ಗಿಡ್ಡ. ಎದುರಿಗೆ ಬೇರೆ ಊರಿನ ಯಾರೋ ಹಿರಿಯರು ಬಂದರು. ನಿಂತು ಬಟ್ಟೆಯನ್ನು ಅಕ್ಷರ ಕೂಡಿಸಿ ಓದಿದರು. ಮೇಷ್ಟ್ರ ನರೆತ ತಲೆ ನೋಡಿದರು. ಕೈಯೆತ್ತಿ ಹರಸಿದರು:

"ಸೇರಿ, ಸೇರಿ. ಕಲಿಯೋದಕ್ಕೆ ವಯಸ್ಸಿನ ಮುಲಾಜು ಎಂತದು!"

ದಾರಿಯುದ್ದಕ್ಕೂ ನಕ್ಕೆವು. ಆದರೂ ಆ ವರ್ಷ ಒಂದನೇ ಕ್ಲಾಸಿಗೆ ಯಾರೂ ಸೇರಲಿಲ್ಲ.

ಕೊನೆಯ ಹಾಜರಿ

ಅದಾದ ಮೇಲೆ ಒಂಬತ್ತು ಐದಾಯಿತು, ಐದು ಎರಡಾಯಿತು. ಆ ಇಬ್ಬರೂ ಐದನೇ ಕ್ಲಾಸು ಮುಗಿಸಿದ ಏಪ್ರಿಲ್ ಹತ್ತಕ್ಕೆ ಇಡೀ ಊರು ಬಂದಿತ್ತು. ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರಿನ ಸಾಹೇಬರೂ ಬಂದಿದ್ದರು. ಜೂನಿಗೆ ಒಂದು ಮಗುವೂ ಇಲ್ಲದಿದ್ದರೆ ಬಾಗಿಲು ಹಾಕಬೇಕು ಅಂತ ಅವರು ಮೆಲ್ಲಗೆ, ತಾವೇ ತಪ್ಪು ಮಾಡಿದವರ ಹಾಗೆ ಹೇಳಿದರು.

ಅಡುಗೆಯ ಅಕ್ಕ ಒದ್ದೆ ಕೈ ಸೀರೆಗೆ ಒರೆಸುತ್ತಾ ಮುಂದೆ ಬಂದರು.

"ಒಂದು ಮಗು ಇದೆಯಲ್ಲ ಸರ್."

"ಯಾರಮ್ಮ?"

"ನಾನೇ. ಇದೇ ಶಾಲೆಲಿ ನಾಲ್ಕು ಪಾಸು ಮಾಡಿ ಐದಕ್ಕೆ ಬಂದಿದ್ದೆ. ತಮ್ಮ ಹುಟ್ಟಿದ, ಅವನನ್ನ ನೋಡ್ಕೊಳ್ಳೋಕೆ ಮನೆಲಿ ಉಳಿಸ್ಕೊಂಡ್ರು. ಟಿಸಿ ಯಾರೂ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಅಂದ್ಮೇಲೆ ನಾನು ಶಾಲೆ ಬಿಟ್ಟಂಗೆ ಎಲ್ಲಿ ಆಯ್ತು?"

ಮೇಷ್ಟ್ರು ಬೀರುವಿನ ತಳದಿಂದ ಹಳೇ ದಾಖಲಾತಿ ಪುಸ್ತಕ ತೆಗೆದರು. ಗೆದ್ದಲು ಅಂಚು ತಿಂದಿತ್ತು, ಹೆಸರು ತಿಂದಿರಲಿಲ್ಲ. ಅಕ್ಕನ ಹೆಸರಿನ ಮುಂದೆ ಟಿಸಿಯ ಜಾಗ ಖಾಲಿ. ಸಾಹೇಬರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರೂ ಮಲೆನಾಡಿನವರೇ, ನಗು ತಡೆದುಕೊಂಡು ಕೇಳಿದರು:

"ಆಯ್ತಮ್ಮ, ನೀವು ವಿದ್ಯಾರ್ಥಿನಿ ಅಂತಾದ್ರೆ ಬಿಸಿಯೂಟ ಮಾಡೋರು ಯಾರು?"

"ನಾನೇ ಮಾಡೋದು, ನಾನೇ ಉಣ್ಣೋದು. ಮಿಕ್ಕಿದ್ರೆ ಮಿಸ್ಸಿಗೆ."

"ಮೂವತ್ತೆಂಟು ವರ್ಷ ಗೈರುಹಾಜರು ಇದ್ದೀರಲ್ಲ, ಕಾರಣ ಎಂತ ಬರೀಲಿ?"

ಅಕ್ಕ ಒಂದು ಗಳಿಗೆ ಯೋಚಿಸಿ, ಮಕ್ಕಳು ರಜಾ ಚೀಟಿಯಲ್ಲಿ ಬರೆಯುವುದನ್ನೇ ಹೇಳಿದರು: "ಹೊಟ್ಟೆನೋವು."

ನಕ್ಕು ನಕ್ಕು ಊರೇ ಸುಸ್ತಾಯಿತು. ಸಾಹೇಬರು ಕಣ್ಣೊರೆಸಿಕೊಂಡರು. ನಗುವಿಗೆ ಬಂದ ನೀರೋ ಬೇರೆಯದೋ ತಿಳಿಯಲಿಲ್ಲ. ಆದರೆ ನಕ್ಕರೆ ಶಾಲೆ ಉಳಿಯುವುದಿಲ್ಲವಲ್ಲ. ಜೂನಿನಲ್ಲಿ ಬೀಗ ಬಿತ್ತು. ಮೇಷ್ಟ್ರು ಅದೇ ವರ್ಷ ನಿವೃತ್ತರಾದರು. ನನ್ನನ್ನು ಸಾಗರಕ್ಕೆ ಹಾಕಿದರು.

ಹೊರಡುವ ದಿನ ಮೇಷ್ಟ್ರು ಕೊನೆಯದಾಗಿ ಒಂದು ಟಿಸಿ ಬರೆದರು, ಅಕ್ಕನದು. ದುಂಡಗೆ ಹೆಸರು ಬರೆದು, 'ನಡತೆ: ಬಹಳ ಉತ್ತಮ' ಎಂದು ತುಂಬಿಸಿ, ಸಹಿ ಹಾಕಿ ಎರಡೂ ಕೈಯಲ್ಲಿ ಕೊಟ್ಟರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ರವಿಕೆಯೊಳಗೆ ಇಟ್ಟುಕೊಂಡರು. ಬಸ್ಸಿನವರೆಗೂ ನನ್ನ ಚೀಲ ಹೊತ್ತು ತಂದರು. ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕ ಓಡುತ್ತಾ ಬಂದು ಕೂಗಿದರು:

"ಮಿಸ್, ನಿಮ್ಮ ಶಾಲೆಲಿ ಐದನೇ ಕ್ಲಾಸಿಗೆ ಜಾಗ ಇದ್ರೆ ಹೇಳಿ ಕಳ್ಸಿ! ಊಟ ಮಾತ್ರ ನಾನೇ ಕಟ್ಕೊಂಡು ಬರ್ತೀನಿ. ಪ್ಯಾಟೆ ಸಾರು ನಂಗಾಗಲ್ಲ!"