ಚುಕ್ಕಿಗೆ ಚುಕ್ಕಿ, ಸಾಲಿಗೆ ಸಾಲು

ನನ್ನ ಸೋದರಮಾವ ಹುಣಸೂರಿನಲ್ಲಿ ಮೂವತ್ತು ವರ್ಷ ಪ್ರೆಸ್ಸು ನಡೆಸಿದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ತಪ್ಪನ್ನೂ ತಿದ್ದಲಿಲ್ಲ! ನಾನೇನು ದೂರು ಹೇಳುತ್ತಿಲ್ಲ. ಇದು ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಮಾತು. ಬೇರೆ ಪ್ರೆಸ್ಸಿನವರು 'ಅಂದವಾದ ಮುದ್ರಣ' ಎಂದು ಬೋರ್ಡು ಹಾಕಿಕೊಂಡರೆ ಮಾವನ ಬಾಗಿಲ ಮೇಲೆ 'ಕೊಟ್ಟದ್ದು ಕೊಟ್ಟಂತೆ' ಎಂದಿತ್ತು. ಊರಿಗೆ ಹೊಸಬರು ಇದು ಬಟ್ಟೆ ಒಗೆಯುವ ಅಂಗಡಿಯೆಂದು ತಿಳಿದು ಗಂಟು ಹೊತ್ತುಕೊಂಡು ಬಂದದ್ದೂ ಉಂಟು.

ಎಪ್ಪತ್ತರ ದಶಕದ ಮಾತಿದು. ನಾನು ಅದೇ ಊರಿನ ಶಾಲೆಯಲ್ಲಿ ಟೀಚರಾಗಿ ಮಾವನ ಮನೆಯಲ್ಲೇ ಇದ್ದೆ. ಮನೆಯ ಮುಂದಿನ ಕೋಣೆಯೇ ಪ್ರೆಸ್ಸು. ಶಾಲೆಯಿಂದ ಬಂದ ಮೇಲೆ ಪ್ರೂಫ್ ನೋಡುವುದು ನನ್ನ ಕೆಲಸ. ತಪ್ಪು ತಿದ್ದದ ಪ್ರೆಸ್ಸಿನಲ್ಲಿ ಪ್ರೂಫ್ ಯಾಕೆ ನೋಡಬೇಕು ಅಂತೀರಾ? ಬರೆದವರು ಮಾಡಿದ ತಪ್ಪುಗಳೆಲ್ಲ ಸರಿಯಾಗಿ ಬಂದಿವೆಯೇ ಎಂದು ನೋಡುವುದಕ್ಕೆ!

ಒಮ್ಮೆ ಕೆ.ಆರ್. ನಗರದ ಯಜಮಾನರೊಬ್ಬರು ಮಗನ ಲಗ್ನಪತ್ರಿಕೆಗೆ ಒಂದು ಹಾಳೆ ಬರೆದು ಕೊಟ್ಟು ಹೋದರು. ವಾರ ಕಳೆದು ಪತ್ರಿಕೆ ಅಚ್ಚಾಗಿ ಬಂತು. ಮೊದಲ ಸಾಲು: 'ಮೇಲ್ಗಡೆ ಗಣೇಶನ ಚಿತ್ರ ಹಾಕುವುದು.' ನಡುವೆ: 'ಹುಡುಗನ ಹೆಸರು ದಪ್ಪಕ್ಷರದಲ್ಲಿರಲಿ.' ಕೊನೆಯಲ್ಲಿ: 'ಜಾಗ ಇದ್ದರೆ ಹುಡುಗಿಯ ತಾತನ ಹೆಸರು ಹಾಕಿ, ಇಲ್ಲದಿದ್ದರೆ ಬಿಡಿ.' ಗಣೇಶನೂ ಇಲ್ಲ, ದಪ್ಪಕ್ಷರವೂ ಇಲ್ಲ!

ಯಜಮಾನರು ಕುದಿಯುತ್ತಾ ಬಂದರು. "ಏನ್ರೀ ಇದು? ನಿಮ್ಗೆ ಏಳಿದ್ದನ್ನೆಲ್ಲ ಅಚ್ಚಾಕ್ಬುಟ್ಟಿದೀರಲ್ಲ!"

ಮಾವ ಶಾಂತವಾಗಿ ಮೂಲಪ್ರತಿಯನ್ನು ಮುಂದಿಟ್ಟರು. "ನಂಗೆ ಏಳಿದ್ಯಾವ್ದು, ನೆಂಟ್ರಿಗೆ ಏಳಿದ್ಯಾವ್ದು ಅಂತ ಎಲ್ಲಿ ಬರ್ದಿದೀರಿ ತೋರ್ಸಿ. ಒಂದೇ ಕಾಗ್ದ, ಒಂದೇ ಇಂಕು. ಇದ್ನ ಬುಡು, ಅದ್ನ ಇಡ್ಕೊ ಅನ್ನಾಕೆ ನಾನ್ಯಾರು ಕಣ್ರೀ?"

ಬೇರೆ ಅಚ್ಚು ಹಾಕಿಸಲು ದಿನವಿರಲಿಲ್ಲ. ಅದನ್ನೇ ಹಂಚಿದರು. ಮದುವೆ ಚೆನ್ನಾಗಿಯೇ ನಡೆಯಿತು. ಹುಡುಗಿಯ ತಾತ ಮಾತ್ರ ಊಟದ ಮನೆಯ ಬಾಗಿಲಲ್ಲಿ ನಿಂತು, "ಜಾಗ ಐತಾ, ಇಲ್ಲಾ ಓಗ್ಬುಡ್ಲಾ?" ಎಂದು ಕೇಳಿಯೇ ಒಳಗೆ ಬಂದರಂತೆ.

ಕಂಪಲಾಪುರದ ನಾಟಕದ ಕರಪತ್ರದ್ದು ಇನ್ನೊಂದು ಕತೆ. ಅವರು ತಂದ ಕಾಗದದ ನಡುವೆ ಎಲೆಅಡಿಕೆಯ ರಸ ಬಿದ್ದು ಅಂಗೈಯಗಲ ಕೆಂಪಾಗಿತ್ತು. ಓದಲಾಗದ್ದನ್ನು ಊಹಿಸುವ ಪಾಪ ಮಾವ ಮಾಡುತ್ತಾರೆಯೇ? ಕಲೆ ಇದ್ದ ಕಡೆ ಅಷ್ಟೇ ಅಗಲ ಖಾಲಿ ಬಿಟ್ಟು ಅಚ್ಚು ಹಾಕಿದರು. ಆ ಬಿಳಿ ಗುಂಡಿಯಲ್ಲಿ ಏನಿತ್ತೆಂದು ಪಿರಿಯಾಪಟ್ಟಣದ ಸುತ್ತಲಿನ ಹಳ್ಳಿಗಳೆಲ್ಲ ತಲೆ ಕೆಡಿಸಿಕೊಂಡವು. ಯಾರೋ ದೊಡ್ಡ ನಟಿ ಬರುತ್ತಾಳೆ, ಹೆಸರು ಮುಚ್ಚಿಟ್ಟಿದ್ದಾರೆ ಎಂದು ಸುದ್ದಿ ಹಬ್ಬಿ ಗಾಡಿ ಕಟ್ಟಿಕೊಂಡು ಜನ ಬಂದರು. ಆ ಜಾಗದಲ್ಲಿ ಇದ್ದದ್ದು 'ಹೆಂಗಸರಿಗೆ ಬೇರೆ ಕೂರಲು ವ್ಯವಸ್ಥೆ ಇದೆ' ಎಂಬ ಸಾಲು ಅಷ್ಟೇ!

ಆದರೆ ಒಂದು ಮಾತು ಒಪ್ಪಬೇಕು. ಮಾವನಿಗೆ ಅಕ್ಷರಕ್ಕಿಂತ ಖಾಲಿ ಜಾಗದ ಮೇಲೆ ಹೆಚ್ಚು ಪ್ರೀತಿ. ಅಚ್ಚಿನ ಕೆಲಸದಲ್ಲಿ ಖಾಲಿ ಜಾಗ ತಾನಾಗಿ ಬರುವುದಿಲ್ಲ. ಅದಕ್ಕೂ ಸೀಸದ ತುಂಡುಗಳಿವೆ, ಅವನ್ನೂ ಅಕ್ಷರದ ಮೊಳೆಗಳಂತೆ ಒಂದೊಂದಾಗಿ ಆರಿಸಿ ಜೋಡಿಸಬೇಕು. ಕಾಗದದ ಮೇಲೆ ಕಾಣಿಸದ ಆ ತುಂಡುಗಳನ್ನು ಜೋಡಿಸುವಾಗ ಮಾವ ಈ ಲೋಕದಲ್ಲಿ ಇರುತ್ತಿರಲಿಲ್ಲ. ಕಿಟಕಿಯಿಂದ ಎಳೆಬಿಸಿಲು ಬೀಳುತ್ತಿತ್ತು, ಲಕ್ಷ್ಮಣತೀರ್ಥ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ, ಮಾವ ಏನೂ ಇಲ್ಲದ್ದನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಿರುತ್ತಿದ್ದರು. ಕರೆದರೆ ಎರಡನೆಯ ಸಲಕ್ಕೂ ಕೇಳಿಸುತ್ತಿರಲಿಲ್ಲ. ಕಾಫಿ ಆರಿ ಕೆನೆ ಕಟ್ಟುತ್ತಿತ್ತು.

"ಏನ್ ಯೋಚ್ನೆ ಮಾವ?"

"ಬರ್ದೋರು ಇಲ್ಲಿ ಒಸಿ ಸುಮ್ನಿದ್ರು ಕಣವ್ವ. ನಾವೂ ಅಷ್ಟೊತ್ತು ಸುಮ್ನಿರ್ಬೇಕಲ್ವಾ?"

ಇಂಥ ಮನುಷ್ಯನ ಕೈಗೆ ಹೆಂಡತಿಯ, ಅಂದರೆ ನನ್ನ ಅತ್ತೆಯ, ರಂಗೋಲಿ ಪುಸ್ತಕ ಬಿತ್ತು.

ಅತ್ತೆಯ ತವರು ಅಂತರಸಂತೆಯಿಂದ ಆಚೆ, ಹೊಳೆ ದಂಡೆಯ ಒಂದು ಹಳ್ಳಿ. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿತ್ತು, ಜನ ದಿಕ್ಕಿಗೊಬ್ಬರಾಗಿದ್ದರು. ಅತ್ತೆಯ ತಾಯಿಯೂ ಆಗಲೇ ತೀರಿಕೊಂಡಿದ್ದರು. ಉಳಿದದ್ದು ಆ ತಾಯಿ ತಮ್ಮ ಅಂಗಳದಲ್ಲಿ ಇಡುತ್ತಿದ್ದ ಐದು ರಂಗೋಲಿ. ಅತ್ತೆ ಮದುವೆಗೆ ಮುಂಚೆ ಅವನ್ನು ಒಂದು ನೋಟ್‌ಬುಕ್ಕಿನಲ್ಲಿ, ಗೆರೆ ಎಳೆಯದೆ, ಬರೀ ಚುಕ್ಕಿ ಇಟ್ಟು ಬರೆದುಕೊಂಡಿದ್ದರು. ಒಂದೊಂದರ ಕೆಳಗೂ, 'ಎಡಗಡೆ ಚುಕ್ಕಿಯಿಂದ ಹೊರಟು ಎರಡು ದಾಟಿ, ಮೂರನೇದನ್ನು ಸುತ್ತಿ, ಹೊರಟಲ್ಲಿಗೇ ಬಾ' ಎಂದು ದಾರಿ ಹೇಳಿದ್ದರು. ಆ ಹಾಳೆಗಳು ಈಗ ಮುಟ್ಟಿದರೆ ಪುಡಿಯಾಗುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಅತ್ತೆಯ ಕಣ್ಣು ಹೋಗುತ್ತಿತ್ತು. ದೀಪಾವಳಿವರೆಗೆ ಕಂಡರೆ ಹೆಚ್ಚು ಎಂದು ಮೈಸೂರಿನ ಡಾಕ್ಟರು ಹೇಳಿದ್ದರು.

"ಕಣ್ಣು ಓಗೋದ್ರೊಳ್ಗೆ ನಮ್ಮವ್ವನ ರಂಗೋಲಿನ ಅಚ್ಚಲ್ಲಿ ಒಂದ್ಸಲ ನೋಡ್ಬುಡ್ಬೇಕು ಕಣವ್ವ" ಎಂದು ಅತ್ತೆ ನನ್ನೊಡನೆ ಹೇಳಿದರು. ಗಂಡನಿಗೆ ನೇರವಾಗಿ ಹೇಳಲು ಸಂಕೋಚ. ಗೋಡೆಯಾಚೆ ಅವರಿಗೆ ಕೇಳಿಸಿತ್ತು.

ಒಂಬತ್ತು ಸಾಲು, ಸಾಲಿಗೆ ಒಂಬತ್ತು ಚುಕ್ಕಿ, ಅಂಥವು ಐದು. ರಂಗೋಲಿಯ ಚುಕ್ಕಿಗೆ ಅಂತ ಬೇರೆ ಮೊಳೆ ಎಲ್ಲಿರುತ್ತದೆ? ವಾಕ್ಯದ ಕೊನೆಗೆ ಇಡುವ ಚುಕ್ಕಿಗಳನ್ನೇ ಮಾವ ಒಂದೂ ಬಿಡದೆ ಬಳಿದು ಜೋಡಿಸಿದರು. ಪರಿಣಾಮ? ಆ ತಿಂಗಳು ಹುಣಸೂರಿನಲ್ಲಿ ಯಾವ ವಾಕ್ಯವೂ ಮುಗಿಯಲಿಲ್ಲ! ಕಟ್ಟೆಮಳಲವಾಡಿಯ ಒಬ್ಬರು ತಂದೆಯ ತಿಥಿ ಕಾಗದ ಅಚ್ಚು ಹಾಕಿಸಿ, ಓದಿ ನೋಡಿ ದಂಗಾದರು. "ಸ್ವಾಮಿ, ನಮ್ಮಪ್ಪಂದೇ ಮುಗ್ದೋಯ್ತು, ಈ ಕಾಗ್ದ ಯಾಕೆ ಮುಗೀತಾನೇ ಇಲ್ಲ?"

ಮಾವನ ಮುಖ ಸಣ್ಣದಾಯಿತು. ಕೊಟ್ಟದ್ದನ್ನು ಕೊಟ್ಟಂತೆ ಕೊಡದೇ ಇದ್ದದ್ದು ಜೀವಮಾನದಲ್ಲಿ ಅದೇ ಮೊದಲು. ಅಷ್ಟೂ ಕಾಗದಗಳನ್ನು ಮುಂದಿಟ್ಟುಕೊಂಡು, ಪೆನ್ನು ಹಿಡಿದು, ಒಂದೊಂದು ವಾಕ್ಯಕ್ಕೂ ತಾವೇ ಚುಕ್ಕಿ ಇಟ್ಟು ಕೊಟ್ಟರು. ಅತ್ತೆಯ ಚುಕ್ಕಿಗಳನ್ನು ಮಾತ್ರ ಬಿಚ್ಚಲಿಲ್ಲ.

ಪ್ರೂಫ್ ನನ್ನ ಕೈಗೆ ಬಂತು. ಮೊದಲ ರಂಗೋಲಿಯ ಚುಕ್ಕಿ ಎಣಿಸಿದೆ. ಎಂಬತ್ತೊಂದು ಇರಬೇಕು, ಎಂಬತ್ತೇ ಇದೆ! ಮೇಲಿನಿಂದ ಮೂರನೆಯ ಸಾಲು, ನಟ್ಟನಡುವಿನ ಚುಕ್ಕಿ ಇಲ್ಲ. ಐದು ರಂಗೋಲಿಯಲ್ಲೂ ಅಲ್ಲೇ ಇಲ್ಲ. ಟೀಚರಲ್ಲವೇ ನಾನು, ಐದೂ ಕಡೆ ಕೆಂಪು ಇಂಕಿನಲ್ಲಿ ಗುರುತು ಹಾಕಿದೆ.

"ಅವ್ಳು ಬರ್ದಿರಾದ್ರಲ್ಲಿ ಇಲ್ಲ" ಎಂದರು ಮಾವ.

"ಮರೆತಿದಾರೆ ಮಾವ. ಕೇಳ್ಲಾ?"

"ಕೇಳ್ಬ್ಯಾಡ. ಕೇಳುದ್ರೆ ನಾಚ್ಕೊಂಡು ಆಕ್ಬುಡಿ ಅಂತಾಳೆ."

ಅದಾದ ಮೇಲೂ ಮಾವನಿಗೆ ಸಮಾಧಾನವಿಲ್ಲ. ಆ ಚುಕ್ಕಿಗೂ ಈ ಚುಕ್ಕಿಗೂ ನಡುವೆ ಜಾಗ ಕೂದಲೆಳೆಯಷ್ಟು ಹೆಚ್ಚಾಯಿತು ಅಂತ ಕಾಗದದ ಸೀಳು ತುರುಕುವುದು, ತೆಗೆಯುವುದು. ವಾರ ವಾರವೇ ಕನಸಿನಲ್ಲಿ ನಡೆದಂತೆ ಕಳೆಯಿತು. ಅತ್ತೆ ದಿನಾ ಬಾಗಿಲಿಗೆ ಬಂದು, ಏನೂ ಕೇಳದೆ, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ದೀಪಾವಳಿಗೆ ಇನ್ನೂ ಹತ್ತು ದಿನವಿರುವಾಗ, ಒಂದು ಬೆಳಿಗ್ಗೆ, ಹೊಸಿಲು ಎಲ್ಲಿದೆ ಎಂದು ಅವರು ಕಾಲಲ್ಲಿ ತಡಕಿದ್ದನ್ನು ನಾನೂ ಕಂಡೆ, ಮಾವನೂ ಕಂಡರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ಮ ಕೂದಲೆಳೆ ಹಟದಲ್ಲಿ ಅವರ ಕಣ್ಣೇ ಹೋಯ್ತು. ಇನ್ನು ಯಾರಿಗೆ ಅಚ್ಚು ಹಾಕ್ತೀರಿ?" ಎಂದೆ. ಹಾಗೆ ಹೇಳಬಾರದಿತ್ತು. ಮಾವ ಕಾಗದದ ರಾಶಿಯತ್ತ ತಿರುಗಿದರು. ದಪ್ಪ ಕಾಗದ ಆರಿಸಿ, ಅದರ ಹಿಂದೆ ಮಾಮೂಲಿಗಿಂತ ಹೆಚ್ಚು ಹಾಳೆಗಳನ್ನು ಒತ್ತಾಗಿ ಸೇರಿಸಿ, ಮಷೀನು ತುಳಿಯತೊಡಗಿದರು. ಮೊಳೆಗಳು ಕಾಗದಕ್ಕೆ ನಾಟುವ ಸದ್ದಿಗೆ ಕಿಟಕಿ ಗಾಜು ಅದುರಿತು. ಕಾಗದ ತೂತಾಗುತ್ತದೆ ಎಂದು ನನಗೆ ಭಯ.

ಮಾವ ಅತ್ತೆಯನ್ನು ಕರೆದು ಕೂರಿಸಿ, ಮೊದಲನೆಯ ಹಾಳೆಯನ್ನು ಮಗುಚಿ, ಹಿಂಬದಿ ಮೇಲೆ ಬರುವಂತೆ ಅತ್ತೆಯ ತೊಡೆಯ ಮೇಲೆ ಇಟ್ಟರು. ಅವರ ಬಲಗೈ ಹಿಡಿದು ಮೂಲೆಗೆ ಮುಟ್ಟಿಸಿದರು. ಒಂದೊಂದು ಚುಕ್ಕಿಯೂ ಕಾಗದದಿಂದ ಎದ್ದು ನಿಂತಿತ್ತು.

ಅತ್ತೆಯ ಬೆರಳು ಒಂದನೆಯ ಸಾಲು ನಡೆಯಿತು. ಎರಡನೆಯ ಸಾಲು ನಡೆಯಿತು. ಮೂರನೆಯ ಸಾಲಿನ ನಡುವೆ ಹೋಗಿ ನಿಂತುಬಿಟ್ಟಿತು. ಅಲ್ಲಿ ನುಣ್ಣಗಿತ್ತು.

"ಒರಳು" ಎಂದರು ಅತ್ತೆ.

ನಮಗೆ ತಿಳಿಯಲಿಲ್ಲ.

"ನಮ್ಮ ಅಂಗ್ಳದಲ್ಲಿ ಇಲ್ಲೊಂದು ಒರಳ್ಕಲ್ಲು ನೆಲಕ್ಕೆ ಊತಿದ್ರು ಕಣ್ರೀ. ಅಲ್ಲಿಗೆ ಚುಕ್ಕಿ ಬೀಳ್ತಿರ್ಲಿಲ್ಲ. ಅವ್ವ ದಿನಾ ಅದ್ನ ಬುಟ್ಟು ಇಕ್ತಿದ್ಲು." ಅವರ ಬೆರಳು ಅಲ್ಲಿಂದ ಏಳಲಿಲ್ಲ. "ನೀವು ತುಂಬ್ಬುಡ್ತೀರೇನೋ ಅಂತ ಎದ್ರಿದ್ದೆ. ನಿಮ್ಗೆ ಏಳಾಕೂ ಆಗ್ಲಿಲ್ಲ. ನೀರು ಬಂದ್ಮೇಲೆ ಅದಿತ್ತು ಅನ್ನಾಕೆ ಇದೊಂದೇ ಉಳ್ದಿತ್ತು."

ಮಾವ ಮಸಿ ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡರು. ನಾನು ಅಳುತ್ತಿದ್ದೆ. ಅತ್ತೆ ಕೈ ಚಾಚಿ ಎರಡನೆಯ ಹಾಳೆ ಕೇಳಿದರು. ಬೆರಳಿಟ್ಟು ಹುಡುಕಿದರು. ಅದರಲ್ಲೂ ಒರಳು ಅಲ್ಲೇ ಇತ್ತು.